ಲ್ಯಾಪ್‌ಟಾಪಿನೊಳಗಿನ ದುಬೈ ಸಮಯ

ಮೂಡುಬಿದಿರೆಯ ನಮ್ಮ ಶಾಲೆ ಒಂಬತ್ತನೇ ತರಗತಿಯ ಎಲ್ಲರಿಗೂ ಒಂದೊಂದು ಲ್ಯಾಪ್‌ಟಾಪ್ ಕೊಟ್ಟಿತ್ತು. ಮನೆಗೆ ಒಯ್ಯಬಹುದು, ಆದರೆ ಆಟ, ಸಿನಿಮಾ ಯಾವುದೂ ತೆರೆಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಪರದೆ ತಾನಾಗಿ ಕಪ್ಪಾಗುತ್ತದೆ. ಬೀಗ ತಪ್ಪಿಸಲು ತರಗತಿಯವರು ಮಾಡಿದ ಉಪಾಯಗಳನ್ನು ಜೂನ್‌ನಿಂದಲೇ ಡೈರಿಯಲ್ಲಿ ಬರೆದಿಡುತ್ತಿದ್ದೆ. ಒಟ್ಟು ಏಳು. ಆರು ಸೋತವು. ಗೆದ್ದದ್ದು ಬಂಟ್ವಾಳದಿಂದ ಬರುವ ನನ್ನ ಗೆಳತಿಯದು.

ಅವಳ ಅಪ್ಪ ದುಬೈಯಲ್ಲಿದ್ದಾರೆ. ಅಲ್ಲಿಯ ಗಂಟೆ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ ಎಂಬುದು ಅವಳಿಗೆ ಬಾಯಿಪಾಠ. ಗಡಿಯಾರ ತಿರುಗಿಸಲು ಬಿಡದ ಲ್ಯಾಪ್‌ಟಾಪ್ ಊರು ಬದಲಿಸಲು ಬಿಡುತ್ತಿತ್ತು. ಊರು ದುಬೈ ಎಂದು ಇಟ್ಟರೆ ನಮ್ಮ ಹತ್ತೂವರೆಯವರೆಗೂ ಪರದೆ ಕಪ್ಪಾಗದು. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಎಲ್ಲರೂ ಭಾರತಕ್ಕೆ ವಾಪಸು.

ಜುಲೈಯ ಒಂದು ಶನಿವಾರ ರಾತ್ರಿ ದುಬೈಗೆ ಹೋದ ಅವಳು ಭಾನುವಾರ ವಾಪಸು ಬರಲು ಮರೆತಳು. ಆ ದಿನ ಸಂಜೆ ಆರರೊಳಗೆ ವಿಜ್ಞಾನ ಪ್ರದರ್ಶನದ ವರದಿ ಕಳುಹಿಸಬೇಕಿತ್ತು. ಬೆಳ್ತಂಗಡಿಯ ಪ್ರದರ್ಶನಕ್ಕೆ ಹೋಗುವವರನ್ನು ಆರಿಸುವುದು ಅದರಿಂದಲೇ. ಅವಳು ಬೇಸಗೆಯಿಂದ ದಿನವೂ ಮನೆಯ ಬಾವಿಗೆ ಹಗ್ಗ ಇಳಿಸಿ ನೀರಿನ ಮಟ್ಟ ಅಳೆದಿದ್ದಳು. ಅಳದಂಗಡಿಯ ನಮ್ಮ ಮನೆಯಲ್ಲಿ ಕುಳಿತು ನಾನು ವರದಿ ಕಳುಹಿಸಿದವರ ಪಟ್ಟಿ ನೋಡಿದಾಗ ಅವಳ ಹೆಸರಿನ ಮುಂದೆ ಖಾಲಿಯಿತ್ತು. ಫೋನ್ ಮಾಡಿದೆ.

"ಎಂತ ಮಾರಾಯ್ತಿ, ಕಳಿಸ್ಲಿಲ್ವಾ?"

"ಟೈಮುಂಟಲ್ಲ. ಈಗ ನಾಲ್ಕೂವರೆ ಅಷ್ಟೇ."

"ಎಲ್ಲಿ ನಾಲ್ಕೂವರೆ? ದುಬೈಯಲ್ಲಾ?"

ಅವಳು ಗೋಡೆ ಗಡಿಯಾರ ನೋಡಲು ಓಡಿದ ಸದ್ದು ಕೇಳಿತು. ಆರು ದಾಟಿತ್ತು. ಕಳುಹಿಸುವ ದಾರಿ ಮುಚ್ಚಿತ್ತು.

ಸೋಮವಾರ ಬೆಳಿಗ್ಗೆ ತರಗತಿಯಿಡೀ ಅವಳ ಸುತ್ತ. ತಡವಾದ ಕಾರಣ ಹೇಳಿದರೆ ಎಲ್ಲರ ಒಂದೂವರೆ ಗಂಟೆಯೂ ಹೋಗುತ್ತದೆ.

"ಕರೆಂಟ್ ಹೋಗಿತ್ತು ಹೇಳು," ಎಂದ ಮಡಂತ್ಯಾರಿನ ಹುಡುಗ. "ಈ ಮಳೆಗೆ ಯಾರು ನಂಬುದಿಲ್ಲ?"

"ಸೈನ್ಸ್ ಸಾರ್ ಮನೆ ನಮ್ಮ ರಸ್ತೆಯಲ್ಲೇ ಮಾರಾಯ. ಅವರಲ್ಲಿ ಕರೆಂಟ್ ಇತ್ತು," ಎಂದಳು ಅವಳು.

"ಹಾಗಾದ್ರೆ ಈ ವರ್ಷ ಬಿಡು. ನಿನ್ನ ಬಾವಿ ಎಲ್ಲಿಗೂ ಓಡಿ ಹೋಗುದಿಲ್ಲ."

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ವಿಜ್ಞಾನದ ಸಾರ್ ಹತ್ತಿರ ನಡೆದಳು. ನಾನೂ ಹಿಂದೆ ಹೋದೆ. ಊರು ಬದಲಿಸುವ ಜಾಗವನ್ನು ಅವಳೇ ತೆರೆದು ತೋರಿಸಿದಳು.

"ಎಷ್ಟು ಜನ ಮಾಡ್ತೀರಿ ಇದನ್ನು?"

"ನಾನು ಮಾಡ್ತೇನೆ ಸಾರ್."

"ನಾನೂ," ಎಂದೆ.

ಸಾರ್ ನಮ್ಮಿಬ್ಬರನ್ನೂ ನೋಡಿದರು. "ಇಡೀ ಕ್ಲಾಸು ದುಬೈಯಲ್ಲುಂಟು ಅಂತಾಯ್ತು."

ವರದಿಯನ್ನು ಅಲ್ಲೇ ಓದಿದರು. ಎರಡು ಕಡೆ ಅಳತೆ ತಪ್ಪಿದೆಯೇ ಎಂದು ಕೇಳಿದರು. ಆ ಎರಡು ದಿನ ಪಂಪು ಬಿಟ್ಟು ನೀರು ಇಳಿದ ಮೇಲೆ ಅಳೆದದ್ದು ಎಂದಳು. "ಅದನ್ನೂ ಬರೆ. ಗಡುವು ಹಾಕಿದವ ನಾನು, ಇದನ್ನು ತೆಗೊಳ್ತೇನೆ. ದುಬೈ ಮಾತ್ರ ಇವತ್ತಿಗೆ ಬಂದ್."

ಅಂದು ರಾತ್ರಿ ಒಂಬತ್ತಕ್ಕೆ ಎಲ್ಲರ ಪರದೆಯೂ ಕಪ್ಪಾಯಿತು. ವಾರವಿಡೀ ತರಗತಿಯಲ್ಲಿ ಅವಳೊಂದಿಗೆ ಮಾತಾಡಿದವಳು ನಾನೊಬ್ಬಳೇ. ಶನಿವಾರ ಆಯ್ಕೆಯಾದವರ ಹೆಸರು ಓದಿದಾಗ ಕೊನೆಯದು ಅವಳದಾಗಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಬೆಂಚಿನ ತುದಿಯಿಂದ ಮಡಂತ್ಯಾರಿನವನ ಸ್ವರ ಬಂತು. "ಒಂದೂವರೆ ಗಂಟೆ ಕಳೆದದ್ದಕ್ಕೆ ಒಂದು ಪ್ರೈಜಾದ್ರೂ ತಾ ಮಾರಾಯ್ತಿ."

"ನೋಡುವ," ಎಂದಳು. "ಬಾವಿಯ ಮಾದರಿ ಭಾರ ಉಂಟು. ಬಸ್ಸಿಗೆ ಹತ್ತಿಸ್ಲಿಕ್ಕೆ ನೀನು ಬಾ."

ಅವನು ಬಂದ. ಬೆಳ್ತಂಗಡಿಯಲ್ಲಿ ಅವಳಿಗೆ ಬಹುಮಾನ ಬರಲಿಲ್ಲ. ತೀರ್ಪುಗಾರರು ಪಂಪಿನ ಆ ಎರಡು ದಿನಗಳ ಬಗ್ಗೆ ಬಹಳ ಹೊತ್ತು ಕೇಳಿದರು. ಅವಳು ಎಲ್ಲದಕ್ಕೂ ಉತ್ತರ ಕೊಟ್ಟಳು.