ಸಪ್ಪೆ ಕಾಫಿಯ ಮನೆಗೆ ನಜೀಬುಲ್ಲಾ

‘ನನ್ ಹೆಂಡ್ತಿಗೆ ಮಾತ್ರ ಹೇಳ್ಬೇಡಿ ಸಾಬ್ರೇ.’

‘ನನ್ ಬಾಯಿಂದ ಬರಲ್ಲ ಬಿಡಿ.’

ದೊಡ್ಡಬೆಳವಂಗಲದ ಹಿರಿಯ ಕೊಂಡಪ್ಪನವರಿಗೆ ನಜೀಬುಲ್ಲಾ ಈ ಮಾತು ಕೊಟ್ಟು ವರ್ಷಗಳೇ ಆದವು.

ಬೆಳಕು ಹರಿಯುವ ಹೊತ್ತಿಗೆ ನಜೀಬುಲ್ಲಾರ ಗಾಡಿ ಮತ್ತೆ ಅದೇ ಮನೆಯ ಮುಂದೆ ನಿಂತಿದೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ನಾನೂ ಜೊತೆಗೆ ಬಂದಿದ್ದೇನೆ. ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ತಲುಪಿಸುವುದು ಅವರ ಕೆಲಸ. ‘ಮೈ ಚಾಚಿದ್ದಷ್ಟೇ ಗೊತ್ತು, ಅಷ್ಟ್ರಲ್ಲಿ ಅಲಾರಂ’ ಎನ್ನುತ್ತಾ ಕೊಂಡಪ್ಪನವರ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಾರೆ.

ಕೊಂಡಪ್ಪನವರಿಗೆ ಗಂಡು ಹಾರ್ಮೋನು ತೀರಾ ಕಡಿಮೆ. ವೈದ್ಯರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬರೆದಿದ್ದರು. ಅದನ್ನು ತೆಗೆದುಕೊಳ್ಳುವವರ ರಕ್ತ ಗಟ್ಟಿಯಾಗಬಹುದು. ಆಗಾಗ ಪರೀಕ್ಷೆ ಆಗಲೇಬೇಕು. ನಾಚಿಕೆಗೆ ಕೊಂಡಪ್ಪ ಮನೆಯಲ್ಲಿ ‘ಶುಗರ್ ಟೆಸ್ಟು’ ಎಂದುಬಿಟ್ಟರು. ಅಂದಿನಿಂದ ಹೆಂಡತಿ ಮುನಿವೆಂಕಟಮ್ಮ ಸಪ್ಪೆ ಕಾಫಿಯನ್ನೇ ಕೊಡುತ್ತಿದ್ದಾರೆ. ಹಬ್ಬಕ್ಕೂ ಒಬ್ಬಟ್ಟಿಲ್ಲ.

‘ಸುಳ್ಳು ಹೇಳಿದ್ದಕ್ಕೆ ಶಿಕ್ಷೆ’ ಎಂದು ನಜೀಬುಲ್ಲಾ ನಗುತ್ತಾರೆ. ‘ಮುಖ ಕೆಂಪಾದ್ರೆ ಕಳೆ ಬಂತು ಅಂತಾರೆ ಜನ. ರಕ್ತ ಗಟ್ಟಿಯಾದ್ರೂ ಕೆಂಪಾಗುತ್ತಂತೆ, ಡಾಕ್ಟ್ರು ಹೇಳಿದ್ರು. ನಾನ್ ಹೇಳಿದ್ರೆ ಯಾರ್ ಕೇಳ್ತಾರೆ?’

ಹೋದ ಸಲ ಕೊಂಡಪ್ಪನವರ ರಕ್ತ ಮಿತಿಮೀರಿ ಗಟ್ಟಿಯಾಗಿತ್ತು. ವೈದ್ಯರು ಇಂಜೆಕ್ಷನ್ ನಿಲ್ಲಿಸಿ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದು ಕೇಳಿದರು. ಹಾಗಾಗುವವರಿಗೆ ಈ ಇಂಜೆಕ್ಷನ್ ಇನ್ನೂ ಅಪಾಯ. ಹೂಂ ಎಂದರೆ ಮತ್ತೆ ಕೊಡುವುದಿಲ್ಲವೇನೋ ಎಂದು ಹೆದರಿ ಇವರು ಇಲ್ಲವೆಂದರು.

ಮುನಿವೆಂಕಟಮ್ಮ ಕಾಫಿ ತರುತ್ತಾರೆ. ‘ನಜೀಬಣ್ಣ, ಶುಗರ್ ಇರೋರಿಗೆ ನಿದ್ದೇಲಿ ಉಸಿರು ನಿಂತೋಗುತ್ತಾ? ಗೊರಕೆ ಹೊಡೀತಾ ಹೊಡೀತಾ ಸದ್ದೇ ಇರಲ್ಲ. ನಾನ್ ಅಲ್ಲಾಡ್ಸಿ ಎಬ್ಬಿಸ್ಬೇಕು. ಒಂದಿನ ನಂಗೇ ನಿದ್ದೆ ಹತ್ಬಿಟ್ರೆ?’

‘ಏ, ಅವಳಿಗೇನ್ ಗೊತ್ತು!’ ಕೊಂಡಪ್ಪ ಗದರುತ್ತಾರೆ.

ನಜೀಬುಲ್ಲಾ ರಕ್ತದ ಟ್ಯೂಬನ್ನು ಐಸ್ ಡಬ್ಬಿಗಿಡುತ್ತಾರೆ. ‘ಯಜಮಾನ್ರೇ, ನೀವ್ ಹೇಳ್ತೀರೋ, ನಾನ್ ಹೇಳ್ಲೋ?’

ಕೊಂಡಪ್ಪ ಕಾಫಿ ಲೋಟ ಎತ್ತಿಕೊಂಡು ಅಂಗಳದತ್ತ ತಿರುಗುತ್ತಾರೆ. ನಜೀಬುಲ್ಲಾ ಎಲ್ಲವನ್ನೂ ಹೇಳುತ್ತಾರೆ.

‘ಹಂಗಾದ್ರೆ ಇಷ್ಟ್ ವರ್ಷ ಸಪ್ಪೆ ಕಾಫಿ ಕುಡಿದಿದ್ದು ದಂಡಾನಾ?’ ಮುನಿವೆಂಕಟಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತಾರೆ. ‘ಡಾಕ್ಟ್ರ ಹತ್ರ ಈ ಸಲ ನಾನೂ ಬರ್ತೀನಿ. ಗೊರಕೆ ಕೇಳೋಳು ನಾನು.’

‘ಪೇಪರ್ನಲ್ಲಿ ನನ್ ಹೆಸ್ರೇ ಹಾಕ್ಕೊಳಿ’ ಎನ್ನುತ್ತಾರೆ ಕೊಂಡಪ್ಪ, ನನ್ನ ಕಡೆ ತಿರುಗಿ. ‘ಮುಚ್ಚಿಡೋಕೆ ಇನ್ನೇನೈತೆ?’

ಗಾಡಿ ಹತ್ತುವಾಗ ನಜೀಬುಲ್ಲಾರ ಮಂಡಿ ಹಿಡಿದುಕೊಳ್ಳುತ್ತದೆ. ಆಸೆ ಏನೆಂದರೆ, ‘ಒಂದು ಭಾನುವಾರ ಬಿಸ್ಲು ಮುಖಕ್ಕೆ ಬೀಳೋವರ್ಗೂ ಮಲಗ್ಬೇಕು, ಅಷ್ಟೇ.’

ಕೊಂಡಪ್ಪನವರಿಗೆ ಕೊಟ್ಟ ಮಾತನ್ನು ಅವರು ಉಳಿಸಿಕೊಳ್ಳಲಿಲ್ಲ.