ಟ್ರಂಕಿನ ಪ್ರಸ್ಥಾನ

ನನ್ನ ಮೊಮ್ಮಗ ಗುರುಮಲ್ಲು ಓದುವುದನ್ನು ಬಿಟ್ಟದ್ದು ಎಂ.ಎ.ಗೆ ಸೀಟು ಸಿಕ್ಕಿದ ದಿನ. ಶನಿ ಹಿಡಿಯಿತು ಎಂದವರಿದ್ದಾರೆ, ನಮ್ಮೂರು ಕಂಪಲಾಪುರದ ಅರ್ಧ ಜನರ ಕಣ್ಣು ಬಿತ್ತು ಎಂದವರಿದ್ದಾರೆ, ಓದಿ ಓದಿ ಮಿದುಳು ಕಾದು ಈಗ ಆರುತ್ತಿದೆ ಎಂದು ವೈದ್ಯರಂತೆ ಹೇಳಿದವರೂ ಇದ್ದಾರೆ. ಅದೆಲ್ಲ ಸುಳ್ಳು. ಕೇಳಿದ್ದು ಸಿಕ್ಕಿತು, ಅಷ್ಟೇ. ಸಿಕ್ಕದೆ ಕೆಟ್ಟವರನ್ನು ಕಂಡರೆ ಲೋಕ ಅಯ್ಯೋ ಅನ್ನುತ್ತದೆ. ಸಿಕ್ಕಿ ಕೆಟ್ಟವರಿಗೆ ಹೋಳಿಗೆ ಬಡಿಸುತ್ತದೆ.

ನಮ್ಮ ಮನೆಯಲ್ಲಿ ಈ ಕಾಯಿಲೆ ಹೊಸದೇನಲ್ಲ. ನಮ್ಮ ಯಜಮಾನರಿಗೆ ಗೋಡೆ ಗಡಿಯಾರದ ಹುಚ್ಚಿತ್ತು. ಹುಣಸೂರಿನ ಸಾಹುಕಾರರೊಬ್ಬರ ಅಂಗಡಿಯಲ್ಲಿ ಗಂಟೆ ಹೊಡೆಯುವ ಗಡಿಯಾರವನ್ನು ನೋಡಿ ಬಂದ ಮೇಲೆ, ಎತ್ತಿಗೆ ಹಿಂಡಿ ಕಡಿಮೆ ಮಾಡಿ, ತಮಗೆ ಎಲೆಅಡಿಕೆ ಕಡಿಮೆ ಮಾಡಿ, ನನಗೆ ಸೀರೆಯನ್ನು ಪೂರ್ತಿಯಾಗಿಯೇ ಕಡಿಮೆ ಮಾಡಿ, ಅಂಥದ್ದೊಂದನ್ನು ತಂದು ನಡುಮನೆಯ ಗೋಡೆಗೆ ನೇತುಹಾಕಿದರು. ಊರಿನವರು ಮೆಟ್ಟು ಬಿಟ್ಟು ಒಳಗೆ ಬಂದು ಅದಕ್ಕೆ ಕೈಮುಗಿದರು. ವಾರ ಕಳೆಯಿತು, ಕೀ ಕೊಡಬೇಕಾಯಿತು. "ನಾಳೆ ಕೊಟ್ರಾಯ್ತು ಬುಡು" ಅಂದರು. ಅವರು ಶಿವನ ಪಾದ ಸೇರುವವರೆಗೂ ನಮ್ಮ ಮನೆಯಲ್ಲಿ ಹತ್ತೂಕಾಲು ಗಂಟೆಯೇ. ಬೇಕು ಎನ್ನುವ ಮಾತಿಗಿರುವ ಕಸುವು ಇದೆ ಎನ್ನುವ ಮಾತಿಗೆ ಇರುವುದಿಲ್ಲ. ಇದನ್ನು ತಿಳಿಯಲು ಶಾಸ್ತ್ರ ಓದಬೇಕಾಗಿಲ್ಲ, ನಿಂತ ಗಡಿಯಾರದ ಕೆಳಗೆ ಇಪ್ಪತ್ತು ವರ್ಷ ಸಂಸಾರ ಮಾಡಿದರೆ ಸಾಕು.

ಗುರುಮಲ್ಲುವಿನ ವಿಷಯಕ್ಕೆ ಬರುತ್ತೇನೆ. ನಯಾಪೈಸೆ ಬಂದು, ಸಂತೆಯಲ್ಲೆಲ್ಲ ಚಿಲ್ಲರೆಗಾಗಿ ಜನ ಜುಟ್ಟು ಹಿಡಿಯುತ್ತಿದ್ದ ವರ್ಷ ಅದು. ಹುಡುಗ ಬಿ.ಎ. ಮುಗಿಸಿ ಬಂದಿದ್ದ. ಅವನ ಅಪ್ಪ, ಅಂದರೆ ನನ್ನ ಮಗ ಮಾದಪ್ಪ, ಗಾವಡಗೆರೆಯಲ್ಲಿ ಮೇಷ್ಟ್ರ ಕೆಲಸವಿದೆ, ಸೇರಿಕೋ ಎಂದು ಹಟ ಹಿಡಿದ. ಇವನು ಎಂ.ಎ. ಓದಬೇಕೆಂದ. ವಿಷಯ ಯಾವುದೆಂದರೆ ಚರಿತ್ರೆ.

"ಸತ್ತ ರಾಜ್ರು ಸುದ್ದಿ ಓದಕ್ಕೆ ಇನ್ನೂ ಎರಡು ವರ್ಸ ಬೇಕೇನ್ಲಾ? ಅವ್ರೇನು ಇನ್ನೊಂದ್ಸಲ ಸಾಯ್ತಾರಾ?" ಎಂದು ಮಾದಪ್ಪ ಕೂಗಾಡಿದ. ತಾಯಿ ಊಟ ಬಿಟ್ಟು ಮಲಗಿದಳು. ನಾನು ಸೀಮೆಎಣ್ಣೆ ಖರ್ಚಾಗುತ್ತದೆ ಎಂದು ಬುಡ್ಡಿ ಬಚ್ಚಿಟ್ಟೆ. ನಾವು ಹೀಗೆ ಮೂರು ದಿಕ್ಕಿನಿಂದ ಅಡ್ಡ ನಿಂತಷ್ಟೂ ಅವನು ಓದಿದ. ಕೊಟ್ಟಿಗೆಯ ಅಟ್ಟ ಹತ್ತಿ ಓದಿದ. ಮಾದಪ್ಪ ಏಣಿ ತೆಗೆದಿಟ್ಟರೆ ಒಳ್ಳೆಯದೇ ಆಯಿತು ಎಂದು ಇಳಿಯದೆ ಓದಿದ. ಅವನ ಆಗಿನ ಮುಖದಲ್ಲಿದ್ದ ಕಳೆಯನ್ನು ನಾನು ಮದುಮಗನ ಮುಖದಲ್ಲೂ ಕಂಡಿಲ್ಲ.

ಆಮೇಲೆ ಸೀಟು ಸಿಕ್ಕಿದೆ ಎಂದು ಮೈಸೂರಿನಿಂದ ಕಾರ್ಡು ಬಂತು. ಮಾದಪ್ಪ ಒಂದೇ ಗಳಿಗೆಯಲ್ಲಿ ತಿರುಗಿಬಿದ್ದ. ಮಾರುವುದಕ್ಕೂ ಕೊಳ್ಳುವುದಕ್ಕೂ ಏನೂ ಇಲ್ಲದೆ, ಬರೀ ಹೇಳುವುದಕ್ಕೆಂದೇ ಪಿರಿಯಾಪಟ್ಟಣದ ಸಂತೆಗೆ ಹೋಗಿ ಬಂದ. ನಮ್ಮ ಕಡೆ ಹೆಣ್ಣು ಗೊತ್ತಾಯಿತು ಎಂದರೆ ಮದುವೆಯಾದ ಹಾಗೆಯೇ ಲೆಕ್ಕ. ಹಾಗಾಗಿ ಸೀಟು ಸಿಕ್ಕಿತು ಎಂದರೆ ಎಂ.ಎ. ಆದ ಹಾಗೆಯೇ ಎಂದು ಊರು ತೀರ್ಮಾನಿಸಿತು. ಮಾರನೇ ದಿನದಿಂದ ಅವನು ಎಂ.ಎ. ಗುರುಮಲ್ಲು. ಬೇಲಿಯ ಜಗಳ, ಗಂಡ ಹೆಂಡಿರ ಜಗಳ, ಹೊಗೆಸೊಪ್ಪಿನ ಹೊಲಕ್ಕೆ ನುಗ್ಗಿದ ಎಮ್ಮೆಯ ಜಗಳ, ಎಲ್ಲವೂ ಅವನ ಮುಂದೆ ಬಂದವು. ಅವನು ಬಾವಿಯ ಹಗ್ಗಕ್ಕೆ ಕೈಹಾಕಿದರೆ ಸೊಂಟ ಬಗ್ಗಿದ ಮುದುಕರು ಓಡಿಬಂದು, "ಎಂ.ಎ. ಆದೋರು ನೀರು ಸೇದಿದ್ರೆ ಊರಿನ ಮರ್ವಾದಿ ಏನಾಯ್ತದಪ್ಪ?" ಎಂದು ಕಿತ್ತುಕೊಂಡರು. ಹೊರಡುವವನಿಗೆ ಒಂದು ಹೊತ್ತು ಉಣ್ಣಿಸಿ ಕಳಿಸುವುದು ಪದ್ಧತಿ. ಒಬ್ಬರ ಮನೆಯಲ್ಲಿ ಉಂಡರೆ ಅವರಿಗಾಗದವರ ಮನೆಯಲ್ಲೂ ಉಣ್ಣಲೇಬೇಕು. ನಮ್ಮ ಊರಿನಲ್ಲಿ ಒಬ್ಬರಿಗೊಬ್ಬರು ಆಗದವರು ಬಹಳ. ಹುಡುಗನ ಕೆನ್ನೆ ತುಂಬಿತು, ಹೊಟ್ಟೆ ಬಂತು, ಉಂಡು ಬಂದವನು "ವಸಿ ಮಲಗ್ತೀನಜ್ಜಿ" ಎಂದರೆ ಸಂಜೆಗೆ ಏಳುತ್ತಿದ್ದ. ಪುಸ್ತಕವೆಲ್ಲ ಟ್ರಂಕಿನಲ್ಲಿತ್ತು. ಅದರ ಮೇಲೆ ತಲೆಯಿಟ್ಟು ಮಲಗುತ್ತಿದ್ದ, ಓದಿಗೂ ಅವನಿಗೂ ಇದ್ದ ಸಂಬಂಧ ಅಷ್ಟೇ.

ಮಠದ ಅಯ್ಯನೋರು ಪಂಚಾಂಗ ನೋಡಿ, ಪೂರ್ವಕ್ಕೆ ಹೊರಡಲು ಗುರುವಾರ ಬೆಳಿಗ್ಗೆ ಪ್ರಶಸ್ತ ಎಂದರು. ಗುರುವಾರ ಬೆಳಗಾಯಿತು. ಹೂವಿನ ಹಾರ ಬಂತು, ತೆಂಗಿನಕಾಯಿ ಬಂತು, ಊರೂ ಬಂತು. ಗುರುಮಲ್ಲು ಮಾತ್ರ ಚಾಪೆ ಬಿಟ್ಟು ಏಳಲಿಲ್ಲ. "ಇವತ್ತು ಮನಸ್ಸಿಲ್ಲ ಕಣಜ್ಜಿ. ಮನಸ್ಸು ಬಂದ ದಿನ ಓಯ್ತೀನಿ."

ಕೂಡಿದ ಜನವನ್ನು ಸುಮ್ಮನೆ ಕಳಿಸುವುದು ಹೇಗೆ? ಅಯ್ಯನೋರೇ ದಾರಿ ತೋರಿಸಿದರು: ಪ್ರಸ್ಥಾನ ಇಟ್ಟುಬಿಡಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಳ್ಳೆಯ ಮುಹೂರ್ತದಲ್ಲಿ ಹೊರಡಲಾಗದಿದ್ದರೆ, ಆ ಹೊತ್ತಿಗೆ ನಮ್ಮ ಗಂಟನ್ನಾದರೂ ಹೊರಡಿಸಿ, ಹೋಗಬೇಕಾದ ದಿಕ್ಕಿನಲ್ಲಿರುವ ಇನ್ನೊಬ್ಬರ ಮನೆಯಲ್ಲಿಡುವುದು. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆ. ನಾಲ್ಕು ದಿನ ತಡವಾಗಿ ಹೋದರೂ ದೋಷವಿಲ್ಲ. ಒಂದೇ ನಿಯಮ, ಹೊರಟ ಗಂಟು ಮತ್ತೆ ಮನೆಯ ಹೊಸಿಲು ತುಳಿಯಬಾರದು.

ಪೂರ್ವಕ್ಕೆ ಕೊನೆಯ ಮನೆ ಪುಟ್ಟಬಸಮ್ಮನದು. ಹಾರವನ್ನು ಟ್ರಂಕಿಗೆ ಹಾಕಿದೆವು. ಆರತಿ ಎತ್ತಿದವಳು ನಾನೇ. ದೃಷ್ಟಿ ತೆಗೆದು, ಮೂರು ದಾರಿ ಕೂಡುವಲ್ಲಿ ಮೆಣಸಿನಕಾಯಿ ಸುಟ್ಟವಳೂ ನಾನೇ. ಹುಡುಗನ ತಾಯಿ ಟ್ರಂಕಿನ ಮುಚ್ಚಳ ಸವರಿ, "ಒತ್ತೊತ್ತಿಗೆ ಉಣ್ಣಪ್ಪ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಗುರುಮಲ್ಲು ಹಿಂದಿನಿಂದ ಹೆಣ್ಣಿನ ಕಡೆಯ ಸೋದರಮಾವನಂತೆ ಕೈಕಟ್ಟಿಕೊಂಡು ಮೆರವಣಿಗೆಯಲ್ಲಿ ನಡೆದ. ಪುಟ್ಟಬಸಮ್ಮ ಟ್ರಂಕಿನ ಕಾಲು ತೊಳೆದು ಒಳಗೆ ಕರೆದುಕೊಂಡಳು; ಕಾಲಿಲ್ಲದ್ದರಿಂದ ತಳ ತೊಳೆದಳು.

ತಮಾಷೆ ಶುರುವಾದದ್ದು ಆಮೇಲೆ. ಊರಿನ ಲೆಕ್ಕದಲ್ಲಿ ಗುರುಮಲ್ಲು ಹೊರಟುಹೋಗಿದ್ದ. ಅವನ ಪ್ರಸ್ಥಾನ ಆಗಿದೆ ಎಂದ ಮೇಲೆ ಅವನು ಇಲ್ಲಿದ್ದಾನೆ ಎನ್ನುವುದೇ ಅಪಶಕುನ. ಸೊಸೆ ಅವನಿಗೆ ಮುದ್ದೆ ಇಕ್ಕುತ್ತ, ಅವನ ಎದುರಿಗೇ, "ನನ್ನ ಮಗ ಇಲ್ದೆ ಮನೆ ಬಣಬಣ ಅಂತದೆ" ಎಂದು ಸೆರಗಿನಲ್ಲಿ ಮೂಗೊರೆಸುತ್ತಿದ್ದಳು. ಅವನು ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದ. ದಾರಿಯಲ್ಲಿ ಸಿಕ್ಕವರು ಮರ್ಯಾದೆಗೆ, "ಮೈಸೂರಲ್ಲಿ ಮಳೆ ಎಂಗಪ್ಪ?" ಎನ್ನುತ್ತಿದ್ದರು. ಮೊದಮೊದಲು ತಬ್ಬಿಬ್ಬಾಗುತ್ತಿದ್ದ, ಎರಡು ದಿನ ಕಳೆದ ಮೇಲೆ, "ಪರವಾಗಿಲ್ಲ, ಸುಮಾರಾಗಿ ಹುಯ್ತಾ ಅದೆ" ಎಂದು ನಮ್ಮ ಜಗಲಿಯ ಮೇಲೆ ಕೂತು ಮೈಸೂರಿನ ಮಳೆಯನ್ನು ಸುರಿಸತೊಡಗಿದ. ಪಕ್ಕದ ಬೀದಿಯ ನಿಂಗಮ್ಮನ ಮಗ ಮೈಸೂರಿನ ಹೋಟೆಲೊಂದರಲ್ಲಿದ್ದ. ಅವನಿಗೆ ಕೊಡಲೆಂದು ಅವಳು ಗುರುಮಲ್ಲುವಿನ ಕೈಗೆ ಚಕ್ಕುಲಿ ಕೊಟ್ಟಿದ್ದಳು. "ತಲುಪ್ತಾ ಕಂದ?" ಎಂದು ಕೇಳಿದಳು. "ತಲುಪ್ತು ಕಣವ್ವ, ಬಾಳ ಚೆನ್ನಾಗಿತ್ತು" ಅಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ತಲುಪಿದ ಜಾಗ ಮಾತ್ರ ಬೇರೆ.

ನನಗೆ ಸಿಟ್ಟು ಬಂದು, "ಓಗಿ ಒಂದು ಪುಸ್ತಕನಾರ ತತ್ತಾ, ಕೂತು ಓದು" ಎಂದು ಪುಟ್ಟಬಸಮ್ಮನ ಮನೆಗೆ ಅಟ್ಟಿದೆ. ಅವಳು ಟ್ರಂಕಿಗೆ ದಿನವೂ ಊದುಬತ್ತಿ ಹಚ್ಚುತ್ತಿದ್ದಳಂತೆ. "ದಾರೀಲಿರೋ ಟ್ರಂಕು ಬಿಚ್ಚಕ್ಕಾಯ್ತದಾ? ನಿಂಗೆ ವಿದ್ಯೆ ಹತ್ತಬೇಕೋ ಬ್ಯಾಡ್ವೋ?" ಎಂದು ಬೈದು ಕಳಿಸಿದಳು. ಅವನು ವಾಪಸು ಬಂದಾಗ ಮುಖದಲ್ಲಿದ್ದ ನೆಮ್ಮದಿಯನ್ನು ನೀವು ನೋಡಬೇಕಿತ್ತು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಕಾರ್ಡಿನಲ್ಲಿ ಇನ್ನೊಂದು ಮಾತಿತ್ತು: ಇಂಥ ತಾರೀಖಿನೊಳಗೆ, ಅಂದರೆ ಪ್ರಸ್ಥಾನದ ಮರುವಾರದ ಶನಿವಾರದೊಳಗೆ, ಬಂದು ಸೇರದಿದ್ದರೆ ಆ ಸೀಟು ಸಾಲಿನಲ್ಲಿ ಹಿಂದಿರುವವನಿಗೆ. ಇದು ನೆನಪಿದ್ದದ್ದು ಮನೆಯಲ್ಲಿ ನನಗೊಬ್ಬಳಿಗೆ. ಮಾದಪ್ಪನಿಗೆ ಹೇಳಿದರೆ, "ಅವ್ನು ಓಗಾಯ್ತಲ್ಲವ್ವ" ಅಂದ.

ಟ್ರಂಕು ಹೊರಟ ಎಂಟನೇ ದಿನ, ಶುಕ್ರವಾರ ಬೆಳಿಗ್ಗೆ, ನನಗೊಂದು ಉಪಾಯ ಹೊಳೆಯಿತು. ಅಡ್ಡ ನಿಂತಾಗ ತಾನೇ ಇವನು ಓದಿದ್ದು? ನಾವೆಲ್ಲ ಗೋಡೆಯ ಹಾಗೆ ನಿಂತಿದ್ದೆವು, ಇವನು ಒರಗಿಕೊಂಡು ನೆಟ್ಟಗಿದ್ದ. ಗೋಡೆ ತೆಗೆದೆವು, ಬಿದ್ದ. ಮತ್ತೆ ಕಟ್ಟಿದರಾಯಿತು ಎಂದುಕೊಂಡು ಮುಖ ಗಂಟಿಕ್ಕಿ ಹೇಳಿದೆ: "ನೋಡ್ಲಾ, ನೀನು ಮೈಸೂರಿಗೆ ಓಗ್ಬ್ಯಾಡ. ನಾನು ಬುಡಾಕಿಲ್ಲ."

"ಆಗ್ಲಿ ಬುಡಜ್ಜಿ," ಎಂದು ಆಕಳಿಸಿದ. "ಇರೀಕಳು ನೀನು. ನಿನ್ನ ಮಾತು ಮೀರಕ್ಕಾಯ್ತದಾ?"

ಹುಟ್ಟಿದಾಗಿನಿಂದ ಅವನು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಸಂಜೆ ಜಗಲಿಯ ಮೇಲೆ ಅವನ ಪಕ್ಕ ಕೂತೆ.

"ನಾಳೆ ಶನಿವಾರ ಕಣ್ಲಾ. ನೀನು ಓಗ್ದಿದ್ರೆ ಜಾಗ ಇನ್ನೊಬ್ಬನ ಪಾಲು."

"ಓಗ್ಲಿ ಬುಡಜ್ಜಿ. ಅವ್ನಿಗಾರ ಮನಸ್ಸಿರ್ಬೋದು."

"ನಿನ್ನ ಮನಸ್ಸಿಗೇನ್ ದೊಡ್ರೋಗ ಬಂದಿರೋದು?"

ಅವನು ಜಗಲಿಯ ಸಾರಣೆಯನ್ನು ಉಗುರಿನಿಂದ ಕೆರೆದ. ನಾನು ಮೊನ್ನೆ ತಾನೇ ಸಾರಿಸಿದ್ದು, ಬೈಯಲಿಲ್ಲ.

"ಅಜ್ಜಿ, ಇಲ್ಲಿ ನಾನು ಎಂ.ಎ. ಮುಗಿಸ್ಬುಟ್ಟಿವ್ನಿ. ಅಲ್ಲಿಗೋದ್ರೆ ಮೊದಲ್ನೇ ಪುಟ. ಅಲ್ಲಿಗೆ ಬರೋರೆಲ್ಲಾ ಅವ್ರವ್ರ ಊರಿನ ಗುರುಮಲ್ಲುಗಳೇ ಅಲ್ವಾ? ಅವ್ರ ಮುಂದೆ ನನ್ನ ಬಾಯಿ ಎದ್ದಾತಾ?"

"ಏಳ್ದಿದ್ರೆ ಮುಚ್ಕೊಂಡು ಕೇಳಿಸ್ಕೊ. ಸೇರಿಸ್ಕೊಂಡಿರೋದೇ ಅದುಕ್ಕೆ."

"ಮನಸ್ಸು ಬರ್ಲಿ ಅಂತ ಕಾಯ್ತಿವ್ನಿ."

"ಮನಸ್ಸು ಬಂದು ನಾನು ಒಂದು ದಿನಾನೂ ರಾಗಿ ಬೀಸಿಲ್ಲ ಕಣ್ಲಾ. ಬೀಸಕ್ಕೆ ಕೂತ್ರೆ, ಅರ್ಧಕ್ಕೆ ಅದೇ ಬಂದು ಪಕ್ಕದಲ್ಲಿ ಕೂತ್ಕತ್ತದೆ. ಒಂದೊಂದು ದಿನ ಬರೋದೂ ಇಲ್ಲ. ಇಟ್ಟು ಮಾತ್ರ ಆಯ್ತದೆ."

"ನೀನೇ ಓಗಿ ಎಂ.ಎ. ಸೇರ್ಕೊ ಅಂಗಾರೆ," ಎಂದು ನಕ್ಕ. ನಗು ಬಾಯಿಯಲ್ಲಿತ್ತು, ಕಣ್ಣಿನಲ್ಲಿ ಹೆದರಿಕೆ ಕೂತಿತ್ತು. ಹುಡುಗ ಸೋಮಾರಿಯಾಗಿರಲಿಲ್ಲ, ಹೆದರಿದ್ದ. ಊರಿನ ಹೋಳಿಗೆ ಆ ಹೆದರಿಕೆಗೆ ಹಾಸಿಗೆ ಹಾಸಿಕೊಟ್ಟಿತ್ತು. ಹೆದರಿದವನಿಗೆ ಧೈರ್ಯ ಹೇಳುವುದು ನನಗೆ ಬರುವುದಿಲ್ಲ. ಎದ್ದು ಒಳಗೆ ಹೋದೆ.

ಮಾರನೇ ದಿನ ಬೆಳಕು ಹರಿಯುತ್ತಲೇ ಪುಟ್ಟಬಸಮ್ಮನ ಮನೆಯ ಮುಂದೆ ನಿಂತೆ. ಅವಳು ಅಂಗಳ ಗುಡಿಸುತ್ತಿದ್ದಳು.

"ಟ್ರಂಕು ಕೊಡಮ್ಮಿ."

"ಅಯ್ಯೋ ಅಕ್ಕ, ಮನೆಗೆ ವಾಪಸ್ ತಗೊಂಡೋಗ್ಬಾರ್ದು!"

"ಮನೆಗ್ಯಾಕೆ? ಮೈಸೂರಿಗೆ."

"ಇವತ್ತು ಶನಿವಾರ, ಪೂರ್ವಕ್ಕೆ ಶೂಲ ಕಣಕ್ಕ, ಆ ದಿಕ್ಕಿಗೆ ಓಗ್ಬಾರ್ದು."

"ಇದು ಓದ ಗುರುವಾರವೇ ಒಂಟದೆ. ಶೂಲ ಇದನ್ನೇನ್ ಮಾಡ್ತದೆ?"

"ಮತ್ತೆ ಗುರುಮಲ್ಲು?"

"ಅವ್ನು ಆಗ್ಲೇ ಓಗವ್ನಲ್ಲಮ್ಮಿ. ಇದೊಂದೇ ಉಳ್ದಿರೋದು."

ಪೊರಕೆ ಕೆಳಗಿಟ್ಟು ಒಳಗೆ ಹೋದಳು. ಟ್ರಂಕನ್ನು ನನ್ನ ತಲೆಗೆ ಎತ್ತಿಕೊಟ್ಟಳು. ಬೇಕೆಂದೇ ಸುತ್ತುಹಾಕಿ ನಮ್ಮ ಮನೆಯ ಮುಂದೆ ಹಾದುಹೋಗುವಾಗ, "ಏ ಗುರುಮಲ್ಲು, ನಿನ್ನ ಟ್ರಂಕು ಓಯ್ತಾ ಅದೆ ಕಣ್ಲಾ" ಎಂದು ಒಂದು ಸಲ ಕೂಗಿದೆ. ನಿಲ್ಲಲಿಲ್ಲ.

ಮಡಿಕೇರಿಯಿಂದ ಮೈಸೂರಿಗೆ ಹೋಗುವ ಬಸ್ಸು ಬಂತು. ಕಂಡಕ್ಟರ್ ಟ್ರಂಕನ್ನು ಮೇಲಕ್ಕೆ ಹಾಕುತ್ತೇನೆ ಎಂದ; ಬೇಡವೆಂದು ಕಾಲ ಬಳಿಯೇ ಇರಿಸಿಕೊಂಡು ಟಿಕೆಟ್ ತೆಗೆಸಿದೆ. ಬಸ್ಸು ಹೊರಟಾಗ ಗುರುಮಲ್ಲು ಬೀದಿಯ ತುದಿಯಲ್ಲಿ ಕಾಣಿಸಿಕೊಂಡ, ಮೈಮೇಲೆ ಬನಿಯನ್, ಒಂದು ಕೈಯಲ್ಲಿ ಪಂಚೆಯ ಗಂಟು.

"ಅಜ್ಜೀ! ನನ್ನ ಬುಕ್ಕು! ನನ್ನ ಅಂಗಿ ಎಲ್ಲಾ ಅದ್ರೊಳಗೇ ಅವೆ!"

ರಸ್ತೆ ಬದಿಯಲ್ಲಿದ್ದ ಮುದುಕನೊಬ್ಬ, "ಏನಪ್ಪಾ, ಮೈಸೂರಿಂದ ಯಾವಾಗ ಬಂದೆ?" ಎಂದು ಕುಶಲ ಕೇಳಿದ. ಗುರುಮಲ್ಲು ಉತ್ತರ ಕೊಡದೆ ಓಡಿದ.

ಕಂಡಕ್ಟರ್ ಗಂಟೆಯ ಹಗ್ಗಕ್ಕೆ ಕೈಹಾಕಿದ.

"ತಡಿ ಕಣಪ್ಪ," ಅಂದೆ. "ವಸಿ ಓಡ್ಲಿ."

"ಯಾರಜ್ಜಿ ಅದು?"

"ಎಂ.ಎ."

ಮೋರಿ ದಾಟಿದ ಮೇಲೆ ಡ್ರೈವರನೇ ಕನಿಕರಪಟ್ಟು ನಿಲ್ಲಿಸಿದ. ಹುಡುಗ ಹತ್ತಿದ. ಉಸಿರಿರಲಿಲ್ಲ, ಕಾಲಿನ ಹೆಬ್ಬೆರಳು ಒಡೆದು ರಕ್ತ ಬರುತ್ತಿತ್ತು, ಮುಖ ಸಿಟ್ಟಿನಿಂದ ಕೆಂಪಗಾಗಿತ್ತು. ಮೂತಿಗೆ ಹೊಡೆಯುವ ಹಾಗಿದ್ದ ಆ ಮುಖವನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಯಾರೋ ಕಿತ್ತುಕೊಂಡುಬಿಟ್ಟಾರು ಎನ್ನುವಂತೆ ಟ್ರಂಕಿನ ಮೇಲೆ ಧಪ್ಪನೆ ಕೂತ.

"ಎಲ್ಲಿಗೆ ಸ್ವಾಮಿ?" ಎಂದ ಕಂಡಕ್ಟರ್.

ಅವನು ನನ್ನನ್ನು ನೋಡಿದ, ಹಿಂದಕ್ಕೆ ಹೋಗುತ್ತಿದ್ದ ರಸ್ತೆಯನ್ನು ನೋಡಿದ. ಹಿಂದಕ್ಕೆ ಹೋಗಬೇಕೆಂದರೆ ಇಳಿದು, ಟ್ರಂಕು ಹೊತ್ತುಕೊಂಡು, ಆ ಮುದುಕನ ಮುಂದೆಯೇ ನಡೆಯಬೇಕಿತ್ತು.

"ಮೈಸೂರು. ಒಂದು."

ದುಡ್ಡು ನಾನು ಕೊಟ್ಟೆ. ಅವನು ಟ್ರಂಕು ತೆಗೆದು ಅಂಗಿ ತೊಟ್ಟ. ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ನನ್ನ ಜೊತೆ ಮಾತು ಬಿಟ್ಟಿದ್ದರಿಂದ ಮಾಡಲು ಬೇರೆ ಕೆಲಸವಿಲ್ಲದೆ ಒಂದು ಪುಸ್ತಕ ಎಳೆದು ತೊಡೆಯ ಮೇಲಿಟ್ಟುಕೊಂಡ. ಬಸ್ಸು ಕುಲುಕುವುದಕ್ಕೆ ಒಂದೊಂದು ಸಾಲನ್ನು ಎರಡೆರಡು ಸಲ ಬೆರಳಿಟ್ಟು ಹುಡುಕಬೇಕಾಗಿತ್ತು, ಹುಡುಕುತ್ತಿದ್ದ.

ಹುಣಸೂರು ಬಂದಾಗ ನಾನು ಎದ್ದೆ.

"ಎಲ್ಲಿಗೆ?" ಎಂದ, ಪುಟದಿಂದ ತಲೆಯೆತ್ತಿ. "ಮೈಸೂರಿಗಂಟ ಬರಾಕಿಲ್ವಾ?"

ನಾನು ಟಿಕೆಟ್ ತೆಗೆಸಿದ್ದೇ ಹುಣಸೂರಿಗೆ. ಉತ್ತರವಾಗಿ ಅದನ್ನೇ ಅವನ ಕೈಗೆ ಕೊಟ್ಟು ಇಳಿದೆ. ನಮ್ಮೂರ ಮೇಲೆ ಹೋಗುವ ಪಿರಿಯಾಪಟ್ಟಣದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ, ಮಧ್ಯಾಹ್ನದೊಳಗೆ ಮನೆ ಸೇರಿ, ಅವನು ಕೆರೆದಿದ್ದ ಜಗಲಿಯನ್ನು ಸಾರಿಸಿದೆ.