ಎಂಜಿನ್ ರಬ್ಬರೂ ಅತ್ತಿಗೆಯ ಬೆನ್ನೂ

ಲೊಡ ಲೊಡ ಲೊಡ. ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿದು ಹೊರಡುವ ಸದ್ದು. ನಮ್ಮ ತಿಪಟೂರು ಸೀಮೆಯಲ್ಲಿ ಇದಕ್ಕಿಂತ ಶುಭವಾದ ಸದ್ದಿಲ್ಲ. ತಿಂಗಳುಗಟ್ಟಲೆ ಅಟ್ಟದಲ್ಲಿ ಬಿದ್ದಿದ್ದ ಕಾಯಿ ನೀರೆಲ್ಲ ಬತ್ತಿ, ಚಿಪ್ಪು ಬಿಟ್ಟುಕೊಂಡು, ಒಳ್ಳೆ ಗಿಟುಕಾಗಿದೆ ಎಂದರ್ಥ. ಆದರೆ ನನ್ನ ನೆನಪಿನ ಲೊಡಲೊಡ ಕಾಯಿಯದಲ್ಲ. ನಮ್ಮ ಮಾವನವರ ಹಳೆಯ ಇಂಗ್ಲಿಷ್ ಕಾರಿನದು.

ಆ ಕಾರನ್ನು ಸ್ಟಾರ್ಟ್ ಮಾಡಿದರೆ ಬಾನೆಟ್ಟು ಕುಣಿಯುತ್ತಿತ್ತು, ಸ್ಟೀರಿಂಗ್ ಹಿಡಿದ ನನ್ನ ಕೈಬಳೆ ಕುಣಿಯುತ್ತಿತ್ತು, ಪಕ್ಕದಲ್ಲಿ ಕೂತ ನಮ್ಮನೆಯವರ ಕೆನ್ನೆಗಳೂ ಕುಣಿಯುತ್ತಿದ್ದವು. ಬೇರೆ ಸೀಮೆಯವರಾಗಿದ್ದರೆ ಎಂದೋ ಗ್ಯಾರೇಜಿಗೆ ಒಯ್ಯುತ್ತಿದ್ದರು. ನಾವು ತೆಂಗಿನವರು. ಒಳಗೆ ಲೊಡಲೊಡ ಅಂದರೆ ಮಾಲು ಚೆನ್ನಾಗಿ ಬಲಿತಿದೆ ಎಂದು ನಂಬಿ ಬೆಳೆದವರು. "ಸದ್ದು ಕೇಳಮ್ಮ, ಹೆಂಗ್ ಬಲ್ತದೆ!" ಎಂದು ಮಾವನವರು ಬಾನೆಟ್ ತಟ್ಟಿ ಹಿಗ್ಗುತ್ತಿದ್ದರು. ಅವರು ಹೋದಮೇಲೂ ನಾವು ಹಾಗೇ ಹಿಗ್ಗಿಕೊಂಡು ಓಡಾಡಿದೆವು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಪೋಸ್ಚರ್, ಪಿಯಾನೊ, ಪ್ರನನ್ಸಿಯೇಷನ್ ಎಲ್ಲ ಕಲಿಸಿದ್ದರು. ಎಂಜಿನ್ನಿನ ವಿಚಾರ, ಆನೆಸ್ಟ್ಲಿ, ಸಿಲಬಸ್ಸಿನಲ್ಲೇ ಇರಲಿಲ್ಲ.

ನಮ್ಮ ಕಣ್ಣು ತೆರೆಸಿದ್ದು ಅತ್ತಿಗೆಯ ಬೆನ್ನು. ಅತ್ತಿಗೆ ಎಂದರೆ ನಮ್ಮನೆಯವರ ಅಕ್ಕ, ದಬ್ಬೇಘಟ್ಟಕ್ಕೆ ಕೊಟ್ಟ ಹೆಣ್ಣುಮಗಳು. ಎಂಬತ್ತು ದಾಟಿದ ಮೇಲೂ ಕೊಟ್ಟಿಗೆಗೆ ನುಗ್ಗುವ ಅಭ್ಯಾಸ ಬಿಡದೆ, ಅಲ್ಲೇ ಜಾರಿ, ಬೆನ್ನುಮೂಳೆ ಬಿರುಕು ಬಿಡಿಸಿಕೊಂಡು, ತಿಪಟೂರಿನ ನಮ್ಮ ಮನೆಯಲ್ಲಿ ಮಲಗಿದ್ದರು. ಕೊನೆಗೊಂದು ದಿನ ಡಾಕ್ಟರು, ಊರಿಗೆ ಹೋಗಬಹುದು, ಆದರೆ ಮೈ ಕುಲುಕಬಾರದು ಎಂದರು. ಅತ್ತಿಗೆಗೆ ಕೇಳಿಸಿದ್ದು ಮೊದಲರ್ಧ ಮಾತ್ರ. ಆಗಲೇ ಸೀರೆ ಮಡಿಚತೊಡಗಿದರು.

"ಏಸಿ ಟ್ಯಾಕ್ಸಿ ತರಿಸ್ತೀನಿ ಕಣಕ್ಕ," ಎಂದರು ನಮ್ಮನೆಯವರು.

"ಆ ಕಿಟ್ಕಿ ಮುಚ್ಚಿರೋ ಸೆಂಟ್ ಡಬ್ಬಿಗೆ ನಾನ್ ಹತ್ತಾಕಿಲ್ಲ ಕಣ್ಲಾ. ಹತ್ತಿದ್ರೆ ವಾಂತಿ. ವಾಂತಿಗೆ ಬಗ್ಗಿದ್ರೆ ಬೆನ್ನು ಹೋಯ್ತು. ಅಪ್ಪನ ಕಾರ್ ಐತಲ್ಲ?"

"ಅದ್ರಾಗೆ ಹೋದ್ರೆ ನಿನ್ ಮೂಳೆ ಒಂದೊಂದೂ ಒಂದೊಂದು ಊರಲ್ಲಿ ಇಳ್ಕಂತವೆ."

"ಇಳೀಲಿ ಬುಡು. ಮದ್ವೆ ಆದಾಗ ಅದ್ರಾಗೇ ಹೋದೋಳು ನಾನು. ಇಲ್ಲೇ ಬಿದ್ದಿದ್ರೆ ನಾನು ತಮ್ಮನ ಮನೆ ಬೆಕ್ಕಾಯ್ತೀನಿ." ಹೇಳುತ್ತಾ ಅತ್ತಿಗೆ ಗೋಡೆಯ ಕಡೆ ತಿರುಗಿಕೊಂಡರು. ಅವರ ಹೆಗಲು ಸಣ್ಣಗೆ ನಡುಗಿತು. ತಮಾಷೆಯ ಹೆಂಗಸು ಅಳುವುದನ್ನು ನೋಡುವುದು ಕಷ್ಟ. ಮಾರನೆಯ ಬೆಳಗ್ಗೆಯೇ ನಾನು ಕಾರನ್ನು ಕುಣಿಸಿಕೊಂಡು ಗ್ಯಾರೇಜಿಗೆ ಹೋದೆ. ಹಿಂದೆ ಸ್ಕೂಟರಿನಲ್ಲಿ ಇವರು.

ಮೆಕ್ಯಾನಿಕ್ ಟಾರ್ಚು ಬಿಟ್ಟು ಎಂಜಿನ್ನಿನ ಅಡಿ ಇಣುಕಿದ. "ಫೌಂಡೇಶನ್ ರಬ್ಬರ್ ಹೋಗವೆ ಕಣಮ್ಮ." ಎಂಜಿನ್ ನೇರವಾಗಿ ಕಾರಿನ ಕಬ್ಬಿಣದ ಮೇಲೆ ಕೂರುವುದಿಲ್ಲವಂತೆ. ಎಡಕ್ಕೊಂದು ಬಲಕ್ಕೊಂದು ರಬ್ಬರಿನ ದಿಂಡು ಇಟ್ಟು ಅದರ ಮೇಲೆ ಕೂರಿಸಿರುತ್ತಾರೆ. ನಡುಕವನ್ನೆಲ್ಲ ಆ ರಬ್ಬರು ನುಂಗಿಕೊಳ್ಳಬೇಕು. ನಮ್ಮದರಲ್ಲಿ ಎಡಗಡೆಯ ರಬ್ಬರು ಆಯಿಲ್ ಕುಡಿದೂ ಕುಡಿದೂ ಹಲ್ವದಂತಾಗಿತ್ತು. ಬಲಗಡೆ ಕೈಹಾಕಿದ ಮೆಕ್ಯಾನಿಕ್ ಏನನ್ನೋ ತಡಕಾಡಿದ. ಆಮೇಲೆ ಕರ್ರಗಿನದೊಂದನ್ನು ಈಚೆಗೆಳೆದ. ತೆಂಗಿನ ಮಟ್ಟೆ! ಕಾಯಿ ಸುಲಿದ ಅರ್ಧ ಮಟ್ಟೆ, ನಾರಿನ ಹಗ್ಗದಲ್ಲಿ ಬಿಗಿದದ್ದು.

"ಇದೇನ್ ಸಾರ್, ಕಾರೋ ತೋಟವೋ?"

"ನಮ್ಮಪ್ಪಂದೇ ಕೆಲ್ಸ," ಎಂದರು ನಮ್ಮನೆಯವರು, ಎದೆ ಉಬ್ಬಿಸಿ. "ಇಷ್ಟು ವರ್ಷ ಬಂದದಲ್ಲಪ್ಪ!"

"ಬೆಂಕಿ ಹೊತ್ಕಂಡಿಲ್ವಲ್ಲ, ಅದು ಹೇಳಿ!"

ನಾನು ಅಲ್ಲಿದ್ದ ಟೈರುಗಳ ಮೇಲೆ ಕೂತು, ಸೆರಗು ಬಾಯಿಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಗ್ಯಾರೇಜಿನವರೆಲ್ಲ ನಕ್ಕರು. ನಗು ನಿಂತ ಮೇಲೆ ಮೆಕ್ಯಾನಿಕ್, ಈ ಗಾಡಿಯ ರಬ್ಬರು ಇಲ್ಲಿ ಸಿಗುವುದಿಲ್ಲ, ಬೇರೆ ಗಾಡಿಯದನ್ನು ಕೊಯ್ದು ತುರುಕಿದರೆ ಮತ್ತೆ ಅದೇ ಕುಣಿತ ಎಂದ.

ಫೋನಿನಲ್ಲಿ ಹುಡುಕಿದೆ. ಇಂಗ್ಲೆಂಡಿನಲ್ಲೊಬ್ಬ ಮುದುಕಪ್ಪ ಇಂಥ ಕಾರುಗಳ ರಬ್ಬರು ಸಾಮಾನುಗಳನ್ನಷ್ಟೇ ಮಾಡಿ ಮಾರುತ್ತಾನೆಂದು ಗೊತ್ತಾಯಿತು. ಡಿಯರ್ ಸರ್ ಎಂದು ಶುರುಮಾಡಿ, ನನ್ನ ಸಿಸ್ಟರ್-ಇನ್-ಲಾ ಸ್ಪೈನ್ ಬಹಳ ಡೆಲಿಕೇಟ್, ಅವರು ಟ್ರಾವೆಲ್ ಮಾಡಬೇಕಿದೆ ಎಂದೆಲ್ಲ ಪ್ಯಾರಾಗ್ರಾಫ್ ಬಿಟ್ಟು ಬರೆದೆ. ಸಿಸ್ಟರ್‌ಗಳು ನೋಡಿದ್ದರೆ ವೆರಿ ಗುಡ್ ಹಾಕುತ್ತಿದ್ದರು. ಮುದುಕಪ್ಪನ ಉತ್ತರ ಬಂತು: ಲೇಡಿಯ ಬೆನ್ನಿನ ವಿಷಯವಾದ್ದರಿಂದ ಸ್ವಲ್ಪ ಮೆತ್ತನೆಯ ರಬ್ಬರಿನದನ್ನೇ ಕಳಿಸುತ್ತಿದ್ದೇನೆ, ಅವರಿಗೆ ನನ್ನ ರಿಗಾರ್ಡ್ಸ್ ತಿಳಿಸಿ.

ಪಾರ್ಸೆಲ್ಲನ್ನು ಅತ್ತಿಗೆಯೇ ಹಾಸಿಗೆಯ ಮೇಲೆ ಬಿಚ್ಚಿದರು. ಮೇಲೂ ಕೆಳಗೂ ಉಕ್ಕಿನ ತಗಡು ಅಂಟಿಸಿದ, ಬೋಲ್ಟು ಹೊರಚಾಚಿದ ಎರಡು ಕಪ್ಪು ದಿಂಡು.

"ಇದ್ಯಾಕೆ ಎಮ್ಮೆ ಗೊರಸು ಕಳ್ಸವ್ನೆ?" ಎಂದು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಅದು ಜಗ್ಗಲಿಲ್ಲ. "ಇದು ಮೆತ್ತಗಾ? ಅವರ ಹಾಸಿಗೇನೂ ಹಿಂಗೇ ಇರ್ತದೇನೋ, ಪಾಪ."

ಗೊರಸು ಕೂರಿಸಿ ಆಯಿತು. ಹೊರಡುವ ಬೆಳಗ್ಗೆ ನಮ್ಮನೆಯವರು ಅಟ್ಟದಿಂದ ಒಂದು ಗಿಟುಕಾದ ಕಾಯಿ ತಂದು ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂತ ಅತ್ತಿಗೆಯ ತೊಡೆಯ ಮೇಲಿಟ್ಟರು. "ನೋಡಕ್ಕ, ಇದು ಲೊಡ್ ಅಂದ್ರೆ ಬೆನ್ನು ಕುಲುಕ್ತು ಅಂತ ಲೆಕ್ಕ. ಅಲ್ಲೇ ಗಾಡಿ ತಿರುಗಿಸ್ತೀವಿ. ಆಮೇಲೆ ಬಾಯ್ಮುಚ್ಕಂಡು ಆಂಬ್ಯುಲೆನ್ಸ್."

ನಾನು ಚಾವಿ ತಿರುಗಿಸಿದೆ. ನನ್ನ ಬಳೆ ಸುಮ್ಮನಿತ್ತು. ಬಾನೆಟ್ಟು ಸುಮ್ಮನಿತ್ತು. ಕಾಯಿ ಉಸಿರೆತ್ತಲಿಲ್ಲ.

"ಸ್ಟಾರ್ಟ್ ಮಾಡಮ್ಮೀ, ಹೊತ್ತಾಯ್ತದೆ," ಎಂದರು ಅತ್ತಿಗೆ.

"ಆಗಿದೆ ಅತ್ಗೆಮ್ಮ!"

"ಸುಳ್ಳೇಳ್ಬ್ಯಾಡ ಕಣೇ."

ಗೇರ್ ಹಾಕಿದೆ. ಮನೆ ಹಿಂದಕ್ಕೆ ಸರಿಯಿತು, ಓ ಮೈ ಗುಡ್‌ನೆಸ್, ಬೆಣ್ಣೆಯ ಮೇಲೆ ಹೋದ ಹಾಗೆ! ತಿಪಟೂರು ದಾಟುವವರೆಗೆ ಮೂವರೂ ಹುಚ್ಚರಂತೆ ನಗುತ್ತಿದ್ದೆವು. ಕಾರು ಬಂದದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ರಸ್ತೆಯಲ್ಲಿ ರಾಗಿ ಹುಲ್ಲು ಹರಡಿದವರು ಎಗರಿ ಬೈದರು. ಅತ್ತಿಗೆ ಕಿಟಕಿಯಿಂದಲೇ ವಾಪಸ್ಸು ಬೈದರು.

ತುರುವೇಕೆರೆ ದಾಟಿದ ಮೇಲೆ ರಸ್ತೆ ಕೆಟ್ಟಿತು. ಎಷ್ಟು ನಿಧಾನ ಹೋದರೂ ಗುಂಡಿ ಗುಂಡಿಯೇ. ಎಂಜಿನ್ನಿಗೆ ರಬ್ಬರು ಇಟ್ಟರೆ ರಸ್ತೆಗೇನು ಗೊತ್ತು? ಕಾಯಿ ಈಗ ಲೊಡ್ ಅಂದೀತು, ಇವರು ತಿರುಗಿಸು ಅಂದಾರು ಎಂದು ಕಿವಿ ನಿಮಿರಿಸಿದೆ. ಸದ್ದಿಲ್ಲ. ಇನ್ನೊಂದು ಗುಂಡಿ. ಸದ್ದಿಲ್ಲ.

"ನೋಡ್ದಾ!" ಎಂದರು ನಮ್ಮನೆಯವರು. "ಇಂಗ್ಲೆಂಡ್ ರಬ್ಬರ್ ಅಂದ್ರೆ ಇದು!"

ಕನ್ನಡಿಯಲ್ಲಿ ನೋಡಿದೆ. ಅತ್ತಿಗೆ ಆ ಕಾಯನ್ನು ಸೆರಗಿನಲ್ಲಿ ಸುತ್ತಿ, ಎರಡೂ ಅಂಗೈಯಲ್ಲಿ ಅವುಚಿ, ಎಳೆಮಗುವಿನಂತೆ ಎದೆಗೆ ಒತ್ತಿಕೊಂಡಿದ್ದರು. ಕಣ್ಣು ಕನ್ನಡಿಯಲ್ಲಿ ನನ್ನ ಕಣ್ಣಿಗೆ ಸಿಕ್ಕಿತು. ಒಂದು ಹುಬ್ಬು ಮೇಲೇರಿತು. ನೋಯುತ್ತಿದೆಯೇ ಎಂದು ನಾನೂ ಹುಬ್ಬಿನಲ್ಲೇ ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ನಗು ತಡೆಯಲಾಗದೆ ನಾನು ಕೆಮ್ಮಿದೆ.

"ಧೂಳು," ಎಂದೆ ಇವರಿಗೆ.

ಕಾಲುವೆ ನೀರಿನ ಗದ್ದೆಗಳು ಕಂಡವು, ದಬ್ಬೇಘಟ್ಟ ಬಂತು, ಅವರ ತೋಟದ ಗೇಟು ಬಂತು. ಅತ್ತಿಗೆ ಅಲ್ಲಿ ಕಾದಿದ್ದ ಮಗನ ಕೈ ಹಿಡಿದು ಇಳಿದು, ವಾಕರ್ ಊರಿ, ಕಾಯನ್ನು ತಮ್ಮನ ಕಿವಿಗಿಟ್ಟು ಲೊಡಲೊಡ ಅಲ್ಲಾಡಿಸಿದರು. "ದಾರಿ ಉದ್ದಕ್ಕೂ ಇದರ ಬಾಯಿ ನಾನ್ ಹಿಡ್ಕಂಡಿದ್ದೆ ಕಣ್ಲಾ!"

ನಮ್ಮನೆಯವರು ಕಾಯಿ ಕಿತ್ತುಕೊಂಡು ತಾವೂ ಅಲ್ಲಾಡಿಸಿ ನೋಡಿದರು.

ಕಾಫಿ ಕುಡಿದು ಹೊರಟಾಗ ತೋಟದಲ್ಲಿ ಕಾಯಿ ಕೀಳುತ್ತಿದ್ದರು. ಅತ್ತಿಗೆ ಕುರ್ಚಿ ಬೇಡವೆಂದು ಮರದ ಬುಡಕ್ಕೇ ಹೋಗಿ ಜಗಳಕ್ಕೆ ನಿಂತಿದ್ದರು. "ಬತ್ತೀವಿ ಅತ್ಗೆಮ್ಮ," ಎಂದೆ. "ಹೂಂ, ಹೂಂ, ಹೋಗ್ಬನ್ನಿ," ಎಂದರು, ತಿರುಗದೆ. ನಾನು ಕಾರು ಸ್ಟಾರ್ಟ್ ಮಾಡಿದ್ದು ಅವರಿಗೆ ತಿಳಿಯಲೇ ಇಲ್ಲ.

"ಹಾರನ್ ಹೊಡೀಲಾ ರೀ?"

"ಬ್ಯಾಡ. ಅಕ್ಕನ ಜಗಳ ಕೆಡಿಸ್ಬ್ಯಾಡ."

ಮುಂದಿನ ಕೊಯ್ಲಿನ ಹೊತ್ತಿಗೆ ಅತ್ತಿಗೆ ಇರಲಿಲ್ಲ, ನಿದ್ದೆಯಲ್ಲೇ ಹೋದರಂತೆ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅವತ್ತೇ, ಕನ್ನಡಿಯಲ್ಲಿ: ಒಂದು ಕೈ ವಾಕರಿನ ಮೇಲೆ, ಇನ್ನೊಂದು ಕೈ ಆಕಾಶಕ್ಕೆ, ಮರದ ಮೇಲಿದ್ದವನಿಗೆ ಎಳೆಗೊನೆ ಮುಟ್ಟಬೇಡವೆಂದು ಬೈಯುತ್ತಾ, ಬೆನ್ನು ನೆಟ್ಟಗೆ.